ಮಿಲಿಸೆಕೆಂಡಿನ ಪೂರ್ವಗ್ರಹ

ಸಂದರ್ಶನ ಮಾಡುವವರಿಗೆಲ್ಲ ಮೊದಲು ಐಎಟಿ (ಇಂಪ್ಲಿಸಿಟ್ ಅಸೋಸಿಯೇಷನ್ ಟೆಸ್ಟ್) ಪರೀಕ್ಷೆ ಕೊಡಬೇಕು, ಸುಪ್ತ ಪೂರ್ವಗ್ರಹ ಹೆಚ್ಚಿದ್ದವರನ್ನು ಆ ಕೆಲಸದಿಂದ ಬಿಡಿಸಬೇಕು. ಬೆಂಗಳೂರಿನ ಒಬ್ಬ ಎಚ್‌ಆರ್ ಮ್ಯಾನೇಜರ್ ಈ ಯೋಜನೆಯನ್ನು ತನಗೆ ಮನೋವಿಜ್ಞಾನ ಕಲಿಸಿದ್ದ ಮೇಡಂ ಮುಂದಿಟ್ಟ.

"ಆ ಪರೀಕ್ಷೆ ಅಳೆಯೋದು ಏನನ್ನ?"

"ವೇಗವನ್ನ, ಮೇಡಂ. ಕಂಪ್ಯೂಟರಿನಲ್ಲಿ ಬಿಳಿಯರ ಮುಖಕ್ಕೂ ಒಳ್ಳೆಯ ಪದಕ್ಕೂ ಒಂದೇ ಕೀ ಇದ್ದಾಗ ಬೇಗ ಒತ್ತಿ, ಕಪ್ಪು ವರ್ಣದವರ ಮುಖಕ್ಕೆ ಅದೇ ಕೀ ಇದ್ದಾಗ ತಡವಾದರೆ, ಆ ಮಿಲಿಸೆಕೆಂಡುಗಳ ಅಂತರವೇ ಒಳಗಿನ ಒಲವು. 1998ರಲ್ಲಿ ಅಮೆರಿಕದ ಗ್ರೀನ್‌ವಾಲ್ಡ್ ತಂಡ ಈ ಪರೀಕ್ಷೆಯನ್ನ ಪ್ರಕಟಿಸಿತು. ಅದನ್ನು ಬೆಳೆಸಿದವರಲ್ಲಿ ಸಿಕಂದರಾಬಾದಿನಲ್ಲಿ ಹುಟ್ಟಿದ ಮಹಜರೀನ್ ಬನಾಜಿ ಪ್ರಮುಖರು."

"ಅದೇ ಮನುಷ್ಯ ಸ್ವಲ್ಪ ದಿನ ಬಿಟ್ಟು ಮತ್ತೆ ಕೂತರೆ? ಎರಡು ಸಲದ ಅಂಕಗಳ ಸಹಸಂಬಂಧ ಸುಮಾರು 0.5 ಅಷ್ಟೆ. ಇಷ್ಟು ಅಲ್ಲಾಡೋ ಅಂಕ ನೋಡಿ ಒಬ್ಬನಿಗೆ ಹಣೆಪಟ್ಟಿ ಕಟ್ತೀಯಾ?"

ಅವನು ಬಿಡಲಿಲ್ಲ. 2009ರಲ್ಲಿ ಗ್ರೀನ್‌ವಾಲ್ಡ್ ತಂಡವೇ 122 ವರದಿಗಳನ್ನು ಒಟ್ಟಿಗೆ ಲೆಕ್ಕ ಹಾಕಿ, ಅಂಕಕ್ಕೂ ನಡವಳಿಕೆಗೂ 0.27ರಷ್ಟು ಸಂಬಂಧ ತೋರಿಸಿತ್ತಲ್ಲ?

"2013ರಲ್ಲಿ ಆಸ್ವಾಲ್ಡ್ ತಂಡ ಜನಾಂಗದ ಅಧ್ಯಯನಗಳನ್ನ ಮತ್ತೆ ಲೆಕ್ಕ ಹಾಕಿತು. ಸುಮಾರು 0.15ಕ್ಕೆ ಇಳೀತು. 2019ರಲ್ಲಿ 492 ಅಧ್ಯಯನ ಸೇರಿಸಿ ನೋಡಿದರೆ, ಅಂಕ ಬದಲಾದರೂ ನಡವಳಿಕೆ ಅದರ ಹಿಂದೆ ಬದಲಾಗಿರಲಿಲ್ಲ."

"ಚಿಕ್ಕ ಸಂಬಂಧವೂ ಲಕ್ಷಾಂತರ ನಿರ್ಧಾರಗಳಲ್ಲಿ ಕೂಡಿಕೊಂಡರೆ ದೊಡ್ಡದಾಗುತ್ತೆ. ಒಬ್ಬೊಬ್ಬರ ಅಂಕ ಅಲ್ಲಾಡಿದರೂ ಒಂದು ಪ್ರದೇಶದ ಸರಾಸರಿ ಸ್ಥಿರವಾಗಿರುತ್ತೆ ಅಂತ 2017ರಲ್ಲಿ ಪೇನ್ ತಂಡ ವಾದಿಸಿದೆ."

ಈ ಮಾತಿಗೆ ಮೇಡಂ ತಲೆದೂಗಿದರು. ಇಡೀ ಚರ್ಚೆಯಲ್ಲಿ ಗಟ್ಟಿಯಾದ ವಾದ ಇದೇ. ಆದರೆ ಅದು ಅವನ ಯೋಜನೆಯನ್ನೇ ಬುಡಮೇಲು ಮಾಡುತ್ತದೆ.

"ಹಾಗಾದರೆ ಅದು ಸಮಾಜದ ಅಳತೆ ಆಯ್ತು, ನಿನ್ನ ಸಂದರ್ಶಕರದ್ದಲ್ಲ. ಪರೀಕ್ಷೆ ನಡೆಸುವ ಸಂಶೋಧಕರೇ ವ್ಯಕ್ತಿಗಳ ಆಯ್ಕೆಗೆ ಇದನ್ನ ಬಳಸಬೇಡಿ ಅಂತಾರೆ."

"ಅಂದರೆ ತಾರತಮ್ಯವೇ ಇಲ್ಲ ಅಂತೀರಾ?"

"ಯಾರಂದರು?" ಮೇಡಂ ದನಿ ಏರಿತು. "ಥೋರಟ್ ಮತ್ತು ಅಟ್ಟೆವೆಲ್ ಅನ್ನೋ ಸಂಶೋಧಕರು ನಮ್ಮ ದೇಶದ ಖಾಸಗಿ ಕಂಪನಿಗಳಿಗೆ ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನ ಬೇರೆ ಬೇರೆ ಹೆಸರಲ್ಲಿ ಕಳಿಸಿದರು. 2007ರಲ್ಲಿ ಫಲಿತಾಂಶ ಬಂತು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಒಂದರಷ್ಟು ಕಡಿಮೆ, ಮುಸ್ಲಿಂ ಹೆಸರಿಗೆ ಮೂರನೇ ಎರಡರಷ್ಟು ಕಡಿಮೆ. ಯಾರ ಮನಸ್ಸನ್ನೂ ಇಣುಕಿ ನೋಡಲಿಲ್ಲ, ತೀರ್ಮಾನಗಳನ್ನ ಎಣಿಸಿದರು."

"ನಾನೀಗ ಏನು ಮಾಡಲಿ?"

"ನಿಮ್ಮಲ್ಲಿ ತಿರಸ್ಕರಿಸಿದ ಅರ್ಜಿಗಳನ್ನ ತೆಗೆಸು. ಅರ್ಹತೆ ಸಮ ಇದ್ದೂ ಯಾವ ಹೆಸರಿನವರು ಹೊರಗುಳಿದಿದಾರೆ ನೋಡು."

ಅವನು ತಡವರಿಸಿದ. "ಪರೀಕ್ಷೆಗಾದರೆ ಮ್ಯಾನೇಜ್‌ಮೆಂಟ್ ಒಪ್ಪಿದೆ. ಆ ಕಡತ ತೆಗೆಯೋಕೆ ಒಪ್ಪೋದು ಕಷ್ಟ."

"ಯಾಕೆ ಅಂತ ಕೇಳಿದೀಯಾ?"

"ಇಲ್ಲ, ಮೇಡಂ. ಕೇಳ್ತೀನಿ."