ನಾಲ್ಕು ಸೆಕೆಂಡಿನ ಮುಹೂರ್ತ

2013ರ ನವೆಂಬರ್ ತಿಂಗಳು. ಮಂಗಳಯಾನದ ಉಡಾವಣೆಗೆ ಮುನ್ನ ಇಸ್ರೊ ಅಧ್ಯಕ್ಷ ಕೆ. ರಾಧಾಕೃಷ್ಣನ್ ತಿರುಮಲಕ್ಕೆ ಹೋಗಿ, ನೌಕೆಯ ಪುಟ್ಟ ಮಾದರಿಯನ್ನು ವೆಂಕಟೇಶ್ವರನ ಸನ್ನಿಧಿಯಲ್ಲಿಟ್ಟು ಪೂಜೆ ಮಾಡಿಸಿದರು. ಅದೇ ತಿಂಗಳು ಬೆಂಗಳೂರಿನಲ್ಲಿ, ಭಾರತರತ್ನ ಘೋಷಣೆಯಾಗಿ ಇನ್ನೂ ಹೆಚ್ಚು ದಿನ ಕಳೆದಿರಲಿಲ್ಲ, ವಿಜ್ಞಾನಿ ಸಿ.ಎನ್.ಆರ್. ರಾವ್ ಅವರನ್ನು ಈ ಪೂಜೆಯ ಬಗ್ಗೆ ಪತ್ರಕರ್ತರು ಕೇಳಿದರು. ರಾವ್ ಸುತ್ತಿಬಳಸಿ ಮಾತಾಡಲಿಲ್ಲ. ಇದು ಮೂಢನಂಬಿಕೆ, ತಮಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ, ಮನುಷ್ಯರಿಗೆ ಭಯವಿರುತ್ತದೆ, ಅದಕ್ಕೇ ಹರಕೆ ಹೊರುತ್ತಾರೆ ಎಂಬರ್ಥದ ಉತ್ತರ ಕೊಟ್ಟರು.

ಹತ್ತು ವರ್ಷದ ನಂತರವೂ ವಾದ ಅಲ್ಲೇ ನಿಂತಿತ್ತು. 2023ರ ಜುಲೈನಲ್ಲಿ ಚಂದ್ರಯಾನ-3ರ ಮಾದರಿ ಹಿಡಿದು ವಿಜ್ಞಾನಿಗಳ ತಂಡ ತಿರುಮಲ ಏರಿತು, ಅಧ್ಯಕ್ಷ ಎಸ್. ಸೋಮನಾಥ್ ಸುಳ್ಳೂರುಪೇಟೆಯ ಚೆಂಗಾಳಮ್ಮನಿಗೆ ಕೈಮುಗಿದರು. ಕರ್ನಾಟಕದ ಕೆಲವು ಸಾಹಿತಿಗಳು, ವಿಚಾರವಾದಿಗಳು ಆಕ್ಷೇಪಿಸಿದರು. ಒಂದು ಕಡೆಯವರು ಸಂವಿಧಾನದ 51ಎ(ಎಚ್) ವಿಧಿಯನ್ನು ಮುಂದಿಟ್ಟರೆ (ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ಪ್ರಜೆಯ ಕರ್ತವ್ಯ ಎನ್ನುತ್ತದೆ ಅದು), ಇನ್ನೊಂದು ಕಡೆಯವರು ಅದೇ ಸಂವಿಧಾನದ 25ನೇ ವಿಧಿ ಕೊಟ್ಟ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನು ಎತ್ತಿ ಹಿಡಿದರು. ಗೆದ್ದವರು ಯಾರೂ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಇಬ್ಬರೂ ಕೇಳದಿದ್ದರೆ ಗೆಲ್ಲುವುದಾದರೂ ಹೇಗೆ?

ಪ್ರಾರ್ಥನೆ ಆದಮೇಲೆ, ಉಡಾವಣೆಯ ಗಳಿಗೆಯನ್ನು ನಿರ್ಧರಿಸುವವರು ಯಾರು? ಕೇಳಬೇಕಾದದ್ದು ಇದು.

ಮಂಗಳಯಾನದ ಮಟ್ಟಿಗೆ ಉತ್ತರ ಸ್ಪಷ್ಟ. ಭೂಮಿಯಿಂದ ಮಂಗಳಕ್ಕೆ ಕಡಿಮೆ ಇಂಧನದಲ್ಲಿ ಹೋಗುವ ಅವಕಾಶ ಸುಮಾರು 26 ತಿಂಗಳಿಗೊಮ್ಮೆ ಬರುತ್ತದೆ. ಎರಡು ಗ್ರಹಗಳು ಸೂರ್ಯನ ಸುತ್ತ ಎಲ್ಲಿರುತ್ತವೆ ಎಂಬ ಲೆಕ್ಕವೇ ಅಲ್ಲಿ ಪಂಚಾಂಗ. ಮೊದಲು ಗೊತ್ತಾಗಿದ್ದ ದಿನ 2013ರ ಅಕ್ಟೋಬರ್ 28. ರಾಕೆಟ್ಟಿನ ಕೊನೆಯ ಹಂತದ ಸಂಕೇತಗಳನ್ನು ಹಿಡಿಯಲು ದಕ್ಷಿಣ ಪೆಸಿಫಿಕ್‌ನಲ್ಲಿ ಎರಡು ಹಡಗುಗಳು ನಿಲ್ಲಬೇಕಿತ್ತು. ಅವುಗಳಲ್ಲಿ ಒಂದಾದ ನಳಂದಾ, ಹವಾಮಾನ ಕೆಟ್ಟು, ಸಕಾಲಕ್ಕೆ ತಲುಪಲಿಲ್ಲ. ಹೀಗೆ ದಿನ ಮುಂದಕ್ಕೆ ಹೋಗಿ ನವೆಂಬರ್ 5ರ ಮಂಗಳವಾರ ಮಧ್ಯಾಹ್ನ 2.38ಕ್ಕೆ ಪಿಎಸ್‌ಎಲ್‌ವಿ ಮೇಲೆದ್ದಿತು. ಹೊಸ ಕೆಲಸಕ್ಕೆ ಮಂಗಳವಾರ ಆಗದು ಎನ್ನುವ ಮನೆಗಳು ಇಂದಿಗೂ ನಮ್ಮಲ್ಲಿ ಬೇಕಾದಷ್ಟಿವೆ. ಚಂದ್ರಯಾನ-3ರ ಕತೆ ಇನ್ನೂ ಸೊಗಸು. ಕಕ್ಷೆಯಲ್ಲಿ ಸುತ್ತುತ್ತಿರುವ ಯಾವುದಾದರೂ ಉಪಗ್ರಹಕ್ಕೋ ಬಾಹ್ಯಾಕಾಶ ಕಸಕ್ಕೋ ರಾಕೆಟ್ಟು ತಗುಲೀತೇ ಎಂದು ಉಡಾವಣೆಗೆ ಮುನ್ನ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಬಂದಮೇಲೆ 2023ರ ಜುಲೈ 14ರ ಉಡಾವಣೆಯನ್ನು ನಾಲ್ಕು ಸೆಕೆಂಡು ತಡ ಮಾಡಿದರು. ಯಾವ ಜೋಯಿಸರೂ ಇಷ್ಟು ಸೂಕ್ಷ್ಮವಾದ ಮುಹೂರ್ತ ಇಟ್ಟುಕೊಟ್ಟಿರಲಾರರು.

ಆದರೆ ಅಂಜಿಕೆ ಪೂರ್ತಿ ಹೋಗಿದೆ ಎಂದೇನೂ ಅಲ್ಲ. ಪಿಎಸ್‌ಎಲ್‌ವಿ ಸರಣಿಯಲ್ಲಿ ಸಿ-12 ಆದಮೇಲೆ ಬಂದದ್ದು ಸಿ-14. ಸಿ-13 ಎಂಬ ರಾಕೆಟ್ಟೇ ಇಲ್ಲ. ಹದಿಮೂರರ ಭಯ ನಮ್ಮ ಅಜ್ಜಿಯರಿಗೆ ಗೊತ್ತಿರಲಿಲ್ಲ. ಅದು ಪಶ್ಚಿಮದಿಂದ ಬಂದ ಸರಕು. ಅಮೆರಿಕದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ (ಜೆಪಿಎಲ್) ಇದರದೇ ಇನ್ನೊಂದು ರೂಪ ಕಾಣಿಸುತ್ತದೆ. ಚಂದ್ರನ ಯೋಜನೆಯ ಮೊದಲ ಆರು ರೇಂಜರ್ ನೌಕೆಗಳು ಒಂದರ ಹಿಂದೊಂದು ಸೋತು, 1964ರಲ್ಲಿ ಏಳನೆಯದು ಗೆದ್ದಿತು. ಆ ದಿನ ನಿಯಂತ್ರಣ ಕೊಠಡಿಯಲ್ಲಿ ಯಾರೋ ಕಡಲೆಕಾಯಿ ಹಂಚಿದ್ದರು. ಅಂದಿನಿಂದ ದೊಡ್ಡ ದಿನಗಳಲ್ಲಿ ಅಲ್ಲಿ ಕಡಲೆಕಾಯಿ ಇರಲೇಬೇಕು. ಬೈಕನೂರು ಉಡಾವಣಾ ಕೇಂದ್ರದಲ್ಲಿ, ದೇವರನ್ನೇ ಒಪ್ಪದ ಸೋವಿಯತ್ ಒಕ್ಕೂಟ ಮುರಿದುಬಿದ್ದ ಮೇಲೆ, ಆರ್ಥೊಡಾಕ್ಸ್ ಪಾದ್ರಿಗಳು ಸೊಯುಜ್ ರಾಕೆಟ್ಟಿಗೆ ತೀರ್ಥ ಚಿಮುಕಿಸುತ್ತಾರೆ. ವರ್ಷಗಟ್ಟಲೆ ಸಾವಿರಾರು ಜನ ದುಡಿದು ಕಟ್ಟಿದ್ದು ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದಾದ ಕಡೆ ಮನುಷ್ಯನ ಕೈ ಏನನ್ನಾದರೂ ಹಿಡಿದುಕೊಳ್ಳಲು ನೋಡುತ್ತದೆ. ಅದನ್ನು ಹಂಗಿಸುವುದರಲ್ಲಿ ಅರ್ಥವಿಲ್ಲ.

ಅರ್ಥವಿರುವುದು ಬೇರೊಂದು ಕಡೆ. 2019ರ ಜುಲೈ 15ರ ನಡುರಾತ್ರಿ ಶ್ರೀಹರಿಕೋಟಾದಲ್ಲಿ ಚಂದ್ರಯಾನ-2 ಸಜ್ಜಾಗಿತ್ತು. ಅಧ್ಯಕ್ಷ ಕೆ. ಶಿವನ್ ತಿರುಪತಿ ದರ್ಶನ ಮುಗಿಸಿ ಬಂದಿದ್ದರು, ರಾಷ್ಟ್ರಪತಿ ಬಂದು ಕೂತಿದ್ದರು, ದೇಶ ನಿದ್ದೆಗೆಟ್ಟು ಟಿವಿ ನೋಡುತ್ತಿತ್ತು. ಇನ್ನು 56 ನಿಮಿಷ ಇದೆ ಎನ್ನುವಾಗ ತಾಂತ್ರಿಕ ದೋಷ ಕಂಡಿತು, ಉಡಾವಣೆ ನಿಲ್ಲಿಸಿದರು. ಪೂಜೆ ಆಗಿದೆ, ದೇವರು ಕಾಯುತ್ತಾನೆ, ಹೊರಡೋಣ ಎಂದು ಯಾರೂ ಹೇಳಲಿಲ್ಲ. ಒಂದು ವಾರ ಬಿಟ್ಟು ಹಾರಿಸಿದರು. ವೆಂಕಟೇಶ್ವರನಿಗೆ ಕೈಮುಗಿದವರೇ ಮಾಪಕದ ಮಾತಿಗೂ ತಲೆಬಾಗಿದ್ದರು.

ಇದರ ಪಕ್ಕದಲ್ಲಿ 1986ರ ಜನವರಿ 28ನ್ನು ಇಡಬೇಕು. ನಾಸಾದ ಚಾಲೆಂಜರ್ ನೌಕೆ ಹಾರುವ ಹಿಂದಿನ ರಾತ್ರಿ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು ಬೇಡ ಬೇಡವೆಂದು ಹೇಳಿದ್ದರು: ಚಳಿ ವಿಪರೀತವಾಗಿದೆ, ಬೂಸ್ಟರಿನ ಕೀಲುಗಳಲ್ಲಿರುವ ರಬ್ಬರ್ ಉಂಗುರಗಳು ಸೆಟೆದುಕೊಳ್ಳುತ್ತವೆ. ಮೇಲಿನವರು ಕೇಳಲಿಲ್ಲ. 73 ಸೆಕೆಂಡುಗಳಲ್ಲಿ ನೌಕೆ ಒಡೆಯಿತು, ಏಳು ಜನ ಹೋದರು. ತನಿಖೆಗೆ ಕೂತ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕಂಡುಕೊಂಡದ್ದು ಬೆಚ್ಚಿಬೀಳಿಸುವಂತಿತ್ತು. ಲಕ್ಷ ಹಾರಾಟಕ್ಕೆ ಒಂದು ಅಪಘಾತವಾದೀತು ಎಂದು ಆಡಳಿತದವರು ನಂಬಿದ್ದರು. ಕೆಲಸ ಮಾಡುವ ಎಂಜಿನಿಯರುಗಳ ಅಂದಾಜು ನೂರಕ್ಕೆ ಒಂದು. ಆ ನಿರ್ಧಾರದಲ್ಲಿ ಎಲ್ಲೂ ದೇವರಿರಲಿಲ್ಲ, ಮುಹೂರ್ತವಿರಲಿಲ್ಲ. ಇದ್ದದ್ದು ಅಪ್ಪಟ ಮೂಢನಂಬಿಕೆ, ತಮ್ಮ ಸಂಸ್ಥೆಯ ಮೇಲೇ ಇಟ್ಟ ಮೂಢನಂಬಿಕೆ. ಕಣ್ಣಮುಂದಿನ ಸಾಕ್ಷ್ಯವನ್ನು ಒಪ್ಪದಿರುವುದೇ ಮೂಢತನವಾದರೆ, ಅದು ಗರ್ಭಗುಡಿಯಲ್ಲಿ ಎಷ್ಟು ಸಲೀಸಾಗಿ ಬೆಳೆಯುತ್ತದೋ ಹವಾನಿಯಂತ್ರಿತ ಸಭಾಕೊಠಡಿಯಲ್ಲೂ ಅಷ್ಟೇ ಸಲೀಸಾಗಿ ಬೆಳೆಯುತ್ತದೆ.

ನಮ್ಮಲ್ಲೂ ಅಂಥ ಒಂದು ದಿನ ಇತ್ತು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ಹಾರಬೇಕಿದ್ದಾಗ ಕಂಪ್ಯೂಟರ್ ತಡೆ ಹಾಕಿತು. ತೊಂದರೆಯಾಗದು ಎಂದು ತಜ್ಞರು ಹೇಳಿದರು. ಯೋಜನೆಯ ಹೊಣೆ ಹೊತ್ತಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಕಂಪ್ಯೂಟರಿನ ಮಾತು ಬದಿಗಿಟ್ಟು ಹಾರಿಸಿದರು. ರಾಕೆಟ್ಟು ಬಂಗಾಳ ಕೊಲ್ಲಿಗೆ ಬಿತ್ತು. ಇದನ್ನು ಕಲಾಂ ಮುಂದೆ ತಾವೇ ಎಷ್ಟೋ ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. ಅಂದು ಪತ್ರಕರ್ತರ ಮುಂದೆ ಕೂತು ಸೋಲನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡವರು ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಅದೇ ಮಾದರಿಯ ರಾಕೆಟ್ಟು ರೋಹಿಣಿಯನ್ನು ಕಕ್ಷೆಗೆ ಸೇರಿಸಿದಾಗ ಧವನ್ ಕಲಾಂ ಅವರನ್ನು ಮಾತಾಡಲು ಮುಂದೆ ಕಳಿಸಿದರು.

ಸೋಲನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ ಎಂಬುದರಲ್ಲಿ ಒಂದು ಸಂಸ್ಥೆಯ ನಿಜವಾದ ಧರ್ಮ ಗೊತ್ತಾಗುತ್ತದೆ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 2019ರಲ್ಲಿ ಚಂದ್ರನ ನೆಲಕ್ಕೆ ಅಪ್ಪಳಿಸಿದಾಗ ಇಸ್ರೊ ಅದನ್ನು ವಿಧಿಯ ಲೆಕ್ಕಕ್ಕೆ ಬರೆಯಲಿಲ್ಲ. ಎಂಜಿನ್‌ಗಳು ಎಣಿಸಿದ್ದಕ್ಕಿಂತ ಹೆಚ್ಚು ನೂಕುಬಲ ಕೊಟ್ಟವು, ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋದವು, ಇಳಿಯಬೇಕಾದ ಜಾಗ ಬರೀ 500 ಮೀಟರ್ ಚೌಕದ್ದಾಗಿತ್ತು ಎಂದು ಒಂದೊಂದನ್ನೇ ಗುರುತಿಸಿದರು. ಮುಂದಿನ ಲ್ಯಾಂಡರಿಗೆ ನಾಲ್ಕು ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲದ ಬಯಲು ಕೊಟ್ಟರು, ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು. ಏನೇನು ಕೆಡಬಹುದು ಎಂಬುದರಿಂದಲೇ ವಿನ್ಯಾಸ ಶುರುಮಾಡಿದರು. 2023ರ ಆಗಸ್ಟ್ 23ರ ಸಂಜೆ ಅದು ಇಳಿಯಿತು. ಕೆಲವೇ ದಿನಗಳಲ್ಲಿ ಸೋಮನಾಥ್ ತಿರುವನಂತಪುರದ ದೇವಸ್ಥಾನವೊಂದರಲ್ಲಿ ನಿಂತು, ಹೊರಗನ್ನೂ ಒಳಗನ್ನೂ ಹುಡುಕುವುದು ತಮ್ಮ ಪಯಣ ಎಂಬರ್ಥದಲ್ಲಿ ಮಾತಾಡಿದರು. ಆ ಮಾತನ್ನು ಅನುಮಾನಿಸಬೇಕಾಗಿಲ್ಲ.

ಅಷ್ಟಾದರೂ ರಾವ್ ಅವರ ಆಕ್ಷೇಪಕ್ಕೆ ಪೂರ್ತಿ ಉತ್ತರ ಸಿಕ್ಕಿಲ್ಲ. ಸೋಮನಾಥ್ ಎಂಬ ವ್ಯಕ್ತಿ ಗುಡಿಗೆ ಹೋಗುವುದು ಒಂದು. ಸಂಸ್ಥೆಯ ತಂಡವೊಂದು ಸಂಸ್ಥೆಯ ನೌಕೆಯ ಮಾದರಿ ಹಿಡಿದು ಕ್ಯಾಮೆರಾಗಳ ಮುಂದೆ ಹೋಗುವುದು ಇನ್ನೊಂದು. ಒಳ್ಳೆಯ ದಿನ ಕೆಟ್ಟ ದಿನ ಎಂಬುದನ್ನು ಹನ್ನೆರಡನೇ ಶತಮಾನದಲ್ಲೇ ಶರಣರು ತಳ್ಳಿಹಾಕಿದ ನಾಡು ಇದು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಊರು ಇದು. ಇಲ್ಲಿನ ಶಾಲಾ ಹುಡುಗಿಯೊಬ್ಬಳು ಮಾದರಿ ಹಿಡಿದು ಗುಡಿಗೆ ಹೋದವರ ಚಿತ್ರ ನೋಡಿ, ಲೆಕ್ಕ ಸರಿಬಂದದ್ದು ಹರಕೆಯಿಂದ ಎಂದುಕೊಂಡರೆ ತಪ್ಪು ಅವಳದಲ್ಲ.

ಇನ್ನೂ ಒಂದು ನೆನಪು ಇಸ್ರೊದ ಬುಡದಲ್ಲೇ ಇದೆ. ಭೂಕಾಂತೀಯ ಸಮಭಾಜಕದ ಹತ್ತಿರವಿರುವ ತುಂಬಾ ಎಂಬ ಮೀನುಗಾರರ ಹಳ್ಳಿ ರಾಕೆಟ್ ಹಾರಿಸಲು ವಿಕ್ರಮ್ ಸಾರಾಭಾಯಿ ಅವರಿಗೆ ಬೇಕಾಗಿತ್ತು. ಅಲ್ಲಿ ಮೇರಿ ಮಗ್ದಲೀನ ಚರ್ಚು ಇತ್ತು. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಭಾನುವಾರದ ಪ್ರಾರ್ಥನೆಯಲ್ಲಿ ಜನರನ್ನೇ ಕೇಳಿದರು, ಜನ ಒಪ್ಪಿದರು ಎಂದು ಕಲಾಂ ನೆನೆಯುತ್ತಿದ್ದರು. 1963ರ ನವೆಂಬರ್ 21ರಂದು ಅಲ್ಲಿಂದ ಹಾರಿದ ಮೊದಲ ರಾಕೆಟ್ಟಿನ ಕೆಲಸ ನಡೆದದ್ದು ಆ ಚರ್ಚಿನ ಸೂರಿನಡಿ. ಒಂದು ಸಮುದಾಯ ತನ್ನ ದೇವರ ಮನೆಯನ್ನೇ ತೆರವು ಮಾಡಿಕೊಟ್ಟ ಸಂಸ್ಥೆಗೆ ಯಾವುದೋ ಒಂದೇ ಮತದ ಗುರುತು ಹಚ್ಚುವುದು ಸರಿಕಾಣುವುದಿಲ್ಲ.

ವ್ಯಕ್ತಿಯ ನಂಬಿಕೆಗೂ ಸಂಸ್ಥೆಯ ನಡೆಗೂ ನಡುವಿನ ಈ ಗೆರೆಯ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದವರೆಗೆ ಹೋಯಿತು. 1968ರ ಕ್ರಿಸ್‌ಮಸ್ ಮುನ್ನಾದಿನ ಚಂದ್ರನನ್ನು ಸುತ್ತುತ್ತಿದ್ದ ಅಪೊಲೊ 8ರ ಯಾತ್ರಿಗಳು ಬೈಬಲ್ಲಿನ ಸೃಷ್ಟಿಕಾಂಡ ಓದಿದಾಗ ನಾಸ್ತಿಕವಾದಿ ಮ್ಯಾಡಲಿನ್ ಮರ್ರೆ ಒ'ಹೇರ್ ನಾಸಾ ಮೇಲೆ ದಾವೆ ಹೂಡಿದರು. ದಾವೆ ಕೊನೆಗೆ ಬಿದ್ದುಹೋಯಿತು, ಎಚ್ಚರ ಉಳಿಯಿತು. ಮರುವರ್ಷ ಬಜ್ ಆಲ್ಡ್ರಿನ್ ಚಂದ್ರನ ನೆಲದಲ್ಲಿ ತಮ್ಮ ಮತದ ಪ್ರಸಾದ ಸ್ವೀಕರಿಸಿದರು, ಆದರೆ ರೇಡಿಯೊದಲ್ಲಿ ಅದನ್ನು ಸಾರಲಿಲ್ಲ.

ಮನುಷ್ಯರನ್ನು ಒಯ್ಯುವ ಗಗನಯಾನದಲ್ಲಿ ನಮ್ಮವರು ಹೊರಡುವಾಗ ಈ ಮಾತು ಮತ್ತೆ ಏಳುತ್ತದೆ. ಯಾತ್ರಿಯ ಮನೆಯವರು ಹರಕೆ ಹೊರುತ್ತಾರೆ, ಹೊರಲಿ. ಯಾತ್ರಿ ತನ್ನ ದೇವರ ಪುಟ್ಟ ಪಟ ಒಯ್ದರೆ ಒಯ್ಯಲಿ. ಇಸ್ರೊ ಸಂಸ್ಥೆಯಾಗಿ ಮಾಡಬೇಕಾದ್ದು 2023ರ ಅಕ್ಟೋಬರ್ 21ರಂದು ಮಾಡಿದ್ದನ್ನೇ: ಯಾತ್ರಿಗಳನ್ನು ಅಪಾಯದಿಂದ ಪಾರುಮಾಡುವ ವ್ಯವಸ್ಥೆಯ ಪರೀಕ್ಷೆಯಲ್ಲಿ, ಇನ್ನು ಐದು ಸೆಕೆಂಡಿದೆ ಎನ್ನುವಾಗ ಕಂಪ್ಯೂಟರ್ ತಡೆ ಹಾಕಿತು. ಈ ಸಲ ಅದರ ಮಾತು ಕೇಳಿದರು, ಕಾರಣ ಹುಡುಕಿದರು, ಸರಿಪಡಿಸಿ ಬೆಳಗ್ಗೆ ಹತ್ತಕ್ಕೆ ಹಾರಿಸಿದರು. ಕ್ಯಾಪ್ಸೂಲು ಪ್ಯಾರಾಚೂಟ್ ಬಿಚ್ಚಿ ಸಮುದ್ರಕ್ಕಿಳಿಯಿತು, ನೌಕಾಪಡೆ ಎತ್ತಿ ತಂದಿತು. ಇಂಥ ಗೆಲುವುಗಳನ್ನು ದೇಶಕ್ಕೆ ನೇರಪ್ರಸಾರದಲ್ಲಿ ತೋರಿಸುವ ಇಸ್ರೊ, ಸೋತ ಪ್ರತಿ ಹಾರಾಟದ ವರದಿಯನ್ನೂ ಜನರ ಕೈಗೆ ಕೊಡಬೇಕು.