ಏನ್ ಬರದೈತಿ, ಓದು

ರಾತ್ರಿ ಎಂಟರ ಸುಮಾರಿಗೆ ದೊಡವಾಡದಿಂದ ಫೋನು ಬಂತು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಪಾಸ್‌ಪೋರ್ಟ್ ಫೋಟೊ ಎಲ್ಲವನ್ನೂ ಒಂದೇ ಮೇಜಿನ ಮೇಲೆ ನಡೆಸುವ ಹುಡುಗ. ಅವನ ಹಳೆಯ ಕಂಪ್ಯೂಟರಿಗೆ ಹೋದ ವರ್ಷ ನಾನೇ ಉಬುಂಟು ಲಿನಕ್ಸ್ ಹಾಕಿಕೊಟ್ಟಿದ್ದೆ. "ಸರ್, ಅಪ್‌ಡೇಟ್ ಹೊಂಟಿತ್ತು, ನಡುವ ಕರೆಂಟ್ ಹೋತು. ಈಗ ಏನ್ ಹಾಕಾಕ ಹೋದ್ರೂ ಬ್ಯಾಡ ಅಂತೈತಿ. ಬೈಲಹೊಂಗಲಕ್ಕ ಒಯ್ದು ಫಾರ್ಮ್ಯಾಟ್ ಹೊಡಸ್ಲೇನ್ರಿ?"

ಈ ಮಾತು ಕೇಳಿದಾಗೆಲ್ಲ ನನ್ನ ಎದೆ ಚುರ್ ಎನ್ನುತ್ತದೆ. ನಮ್ಮ ಕಡೆ ಕಂಪ್ಯೂಟರಿನ ಯಾವ ಬೇನೆಗೂ ಇದೊಂದೇ ಮದ್ದು. ಪ್ರಿಂಟರ್ ನಡೆಯಲಿಲ್ಲವೋ, ಫಾರ್ಮ್ಯಾಟ್. ಕನ್ನಡ ಅಕ್ಷರ ಚೌಕ ಚೌಕವಾಗಿ ಕಂಡವೋ, ಫಾರ್ಮ್ಯಾಟ್. ಆ ಡಿಸ್ಕಿನಲ್ಲಿ ಊರಿನ ಎಷ್ಟೋ ಮನೆಗಳ ಪಹಣಿಯ ಪ್ರತಿ, ಮಕ್ಕಳ ಅಂಕಪಟ್ಟಿಯ ಸ್ಕ್ಯಾನು, ಅರ್ಧ ತುಂಬಿದ ಅರ್ಜಿ ಇರುತ್ತವೆ. ಒಂದು ಪ್ಯಾಕೇಜು ನಡುದಾರಿಯಲ್ಲಿ ನಿಂತಿತು ಎಂದು ಇಷ್ಟನ್ನೂ ಅಳಿಸಿಹಾಕುವುದು ಗುಡಿಸಲಿನ ಒಂದು ಗಳ ಸಡಿಲಾಯಿತೆಂದು ಇಡೀ ಗುಡಿಸಲನ್ನೇ ಕಿತ್ತಂತೆ.

"ಫಾರ್ಮ್ಯಾಟ್ ಬ್ಯಾಡ. ಪರದೆ ಮ್ಯಾಲೆ ಏನ್ ಬರದೈತಿ, ಓದು" ಎಂದೆ.

"ಇಂಗ್ಲಿಷಿನ್ಯಾಗ ಐತ್ರಿ."

"ಇರ್ಲಿ, ಒಂದೊಂದ ಅಕ್ಷರ ಓದು."

ಓದಿದ. ತಡವರಿಸುತ್ತ, ಕೆಲವು ಕಡೆ ಬರೀ ಅಕ್ಷರ ಹೇಳುತ್ತ ಓದಿದ. ಪ್ಯಾಕೇಜುಗಳನ್ನು ಹಾಕುವ ಡಿಪಿಕೆಜಿ ಎಂಬ ತಂತ್ರಾಂಶದ ಕೆಲಸ ನಡುವೆ ತುಂಡಾಗಿದೆ, ಸರಿಪಡಿಸಲು ಈ ಆದೇಶವನ್ನು ನೀವೇ ಕೈಯಾರೆ ಕೊಡಬೇಕು ಎಂದು ಆ ಸಾಲು ಹೇಳುತ್ತಿತ್ತು. ಕೊಡಬೇಕಾದ ಆದೇಶವೂ ಅದೇ ಸಾಲಿನಲ್ಲಿ, ಉದ್ಧರಣ ಚಿಹ್ನೆಯೊಳಗೆ, ಪೂರ್ತಿಯಾಗಿ ಇತ್ತು. ನಾಲ್ಕು ಸಲ ಆ ಸಂದೇಶ ಬಂದಿತ್ತಂತೆ, ನಾಲ್ಕೂ ಸಲ ಅವನು ಕಿಟಕಿ ಮುಚ್ಚಿದ್ದ. ಕೆಂಪು ಗುರುತು ಕಂಡ ಕೂಡಲೇ ಕೈ ತಾನಾಗಿಯೇ ಮುಚ್ಚುವ ಗುಂಡಿಯ ಕಡೆ ಹೋಗುತ್ತದೆ. ಅವನನ್ನು ಬೈಯಲಾರೆ. ಹತ್ತಿಯ ಎಲೆ ನೋಡಿ ಯಾವ ಹುಳ ಬಿದ್ದಿದೆ ಎಂದು ಹೇಳಬಲ್ಲ ಹುಡುಗ ಅವನು. ಯಂತ್ರದ ಹೆದರಿಕೆ ಅವನಿಗಿಲ್ಲ, ಇರುವುದು ಅದರ ಮೇಲಿನ ಇಂಗ್ಲಿಷಿನ ಹೆದರಿಕೆ.

ಕರೆಂಟು ಹೋದಾಗ ಒಳಗೆ ಆಗಿದ್ದೇನು ಎಂದು ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಲಿನಕ್ಸಿನಲ್ಲಿ ಒಂದು ತಂತ್ರಾಂಶ ಒಮ್ಮೆಗೇ ಬಂದು ಕೂರುವುದಿಲ್ಲ. ಮೊದಲು ಗಂಟು ಬಿಚ್ಚಿ ಕಡತಗಳನ್ನು ಅವುಗಳ ಜಾಗದಲ್ಲಿ ಇಳಿಸುತ್ತದೆ, ಆಮೇಲೆ ಅವನ್ನು ಈ ಯಂತ್ರಕ್ಕೆ ಹೊಂದಿಸುತ್ತದೆ. ಕೂರಿಗೆಯನ್ನು ಹೊಲಕ್ಕೆ ಒಯ್ಯುವುದು ಒಂದು ಕೆಲಸ, ಅಲ್ಲಿ ಹಗ್ಗ ಬಿಗಿದು, ಬಟ್ಟಲು ಕೂರಿಸಿ, ಬೀಜ ಎಲ್ಲ ಸಾಲಿಗೂ ಸಮನಾಗಿ ಇಳಿಯುವಂತೆ ಮಾಡುವುದು ಇನ್ನೊಂದು. ಈ ಎರಡರ ನಡುವೆ ಮಳೆ ಬಂದರೆ ಕೂರಿಗೆ ಹೊಲದಲ್ಲೇ ಇರುತ್ತದೆ, ಬಿತ್ತನೆ ಮಾತ್ರ ಆಗಿರುವುದಿಲ್ಲ. ಯಾವ ಯಾವ ಪ್ಯಾಕೇಜು ಎಲ್ಲೆಲ್ಲಿ ನಿಂತಿತು ಎಂಬ ಲೆಕ್ಕವನ್ನು ಡಿಪಿಕೆಜಿ 'ಸ್ಟೇಟಸ್' ಎಂಬ ಒಂದು ಸಾದಾ ಪಠ್ಯ ಕಡತದಲ್ಲಿ ಬರೆದಿಟ್ಟುಕೊಂಡಿರುತ್ತದೆ. ಯಾರಾದರೂ ತೆರೆದು ಓದಬಹುದು. ಪ್ರತಿ ಪ್ಯಾಕೇಜಿನ ಹೆಸರಿನ ಕೆಳಗೆ ಅದರ ಸ್ಥಿತಿ ಮೂರು ಪದಗಳಲ್ಲಿ ಇರುತ್ತದೆ: ಮೊದಲನೆಯದು ಒಡೆಯ ಏನು ಬಯಸಿದ ಎಂಬುದು, ಎರಡನೆಯದು ತೊಡಕೇನಾದರೂ ಇದೆಯೇ ಎಂಬುದು, ಮೂರನೆಯದು ಕೆಲಸ ನಿಜಕ್ಕೂ ಎಲ್ಲಿಗೆ ಬಂತು ಎಂಬುದು. 'ಇನ್‌ಸ್ಟಾಲ್, ಓಕೆ, ಹಾಫ್-ಕಾನ್ಫಿಗರ್ಡ್'. ಬೇಕು ಅಂದಿದ್ದೀರಿ, ತೊಡಕಿಲ್ಲ, ಅರ್ಧ ಹೊಂದಿಸಿದ್ದೇನೆ. ಕರೆಂಟು ಹೋದ ಕ್ಷಣವನ್ನೂ ಮರೆಯದೆ ಬರೆದಿಟ್ಟ ಇಂಥ ಲೆಕ್ಕದ ಪುಸ್ತಕವನ್ನು ಫಾರ್ಮ್ಯಾಟ್ ಮಾಡಿ ಸುಡುವುದೇಕೆ?

ಆದೇಶ ಬರೆಸಲು ಕೂತೆ. "ಮೊದಲು ಎಸ್-ಯು-ಡಿ-ಒ, ಒಂದು ಜಾಗ ಬಿಡು. ಆಮೇಲೆ ಡಿ, ಪಿ, ಕೆ, ಜಿ. ದೊಡವಾಡದ ಡಿ, ಪಹಣಿ ಪಿ, ಕಿತ್ತೂರ ಕೆ, ಗೋಕಾಕದ ಜಿ. ಮತ್ತೊಂದು ಜಾಗ. ಈಗ ಎರಡು ಅಡ್ಡಗೆರಿ, ನಡುವ ಜಾಗ ಬಿಡಬ್ಯಾಡ, ಅದಕ್ಕ ಹತ್ತೇ ಕಾನ್ಫಿಗರ್. ಜಾಗ. ಒಂದೇ ಅಡ್ಡಗೆರಿ, ಎ." ಎಂಟರ್ ಒತ್ತಿದ. ಪಾಸ್‌ವರ್ಡ್ ಕೇಳಿತು.

"ಸರ್, ಕೀಬೋರ್ಡೂ ಹೋತ್ರಿ. ಒತ್ತಿದ್ರ ಏನೂ ಮೂಡವಲ್ದು."

ಹೋಗಿಲ್ಲ. ಆದೇಶ ಒತ್ತುವ ಅವನ ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಒತ್ತುವಾಗ ಒಂದು ಚುಕ್ಕಿಯೂ ಕಾಣುವುದಿಲ್ಲ, ಹಿಂದೆ ನಿಂತವರಿಗೆ ಎಷ್ಟು ಅಕ್ಷರ ಎಂಬುದೂ ತಿಳಿಯಬಾರದೆಂದು. ಇದನ್ನು ಮೊದಲೇ ಹೇಳದೆ ಎಷ್ಟು ಜನರನ್ನು ಗಾಬರಿಪಡಿಸಿದ್ದೇವೋ! ಕುರುಡಾಗಿ ಒತ್ತಿ ಎಂಟರ್ ಕೊಡು ಎಂದೆ. ಕೊಟ್ಟ. ಸಾಲುಗಳು ಒಂದರ ಹಿಂದೊಂದು ಓಡತೊಡಗಿದವು, 'ಸೆಟ್ಟಿಂಗ್ ಅಪ್', 'ಸೆಟ್ಟಿಂಗ್ ಅಪ್' ಎಂದು. ಅವನು ಎತ್ತು ಎಣಿಸುವವನ ಹಾಗೆ ಒಂದೊಂದನ್ನೂ ಜೋರಾಗಿ ಓದುತ್ತಿದ್ದ. ಕೊನೆಗೆ ಓಟ ನಿಂತು, ಮುಂದಿನ ಆದೇಶಕ್ಕೆ ಕಾಯುವ ಡಾಲರ್ ಗುರುತು ಬಂತು. ಎರಡು ನಿಮಿಷವೂ ಹಿಡಿಯಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ ಅನ್ನಿ. ತಿಂಗಳ ಹಿಂದೆ ಪ್ರಿಂಟರಿಗೆಂದು ಎಲ್ಲಿಂದಲೋ ಡೆಬ್ ಎಂಬ ಒಂದು ಪ್ಯಾಕೇಜು ಕಡತ ಇಳಿಸಿ ಹಾಕಿದ್ದನಂತೆ. ಅದಕ್ಕೆ ಬೇಕಾದ ಜೊತೆಗಾರ ಪ್ಯಾಕೇಜುಗಳು ಬಂದಿರಲಿಲ್ಲ, ಅದು ಅಡ್ಡ ನಿಂತಿತ್ತು. ಈ ಅವಲಂಬನೆ ಎಂಬುದು ನಮ್ಮ ಹಳ್ಳಿಗೆ ಹೊಸದಲ್ಲ. ಮುಯ್ಯಾಳು ಪದ್ಧತಿ ಕಂಡವರಿಗೆ ಒಬ್ಬನ ಹೊಲದ ರಾಶಿಗೆ ಇನ್ನು ನಾಲ್ವರು ಬರದೆ ಕೆಲಸ ಏಳದು ಎಂಬುದು ಗೊತ್ತು. ಎಪಿಟಿ ಎಂಬುದು ಆ ನಾಲ್ವರನ್ನು ತಾನೇ ಕರೆದು ತರುವ ವ್ಯವಸ್ಥೆ. ಅದನ್ನು ಬದಿಗಿಟ್ಟು ಹೊರಗಿನಿಂದ ಒಬ್ಬನನ್ನೇ ತಂದು ನಿಲ್ಲಿಸಿದರೆ ಅವನು ಕೈಕಟ್ಟಿ ನಿಲ್ಲುತ್ತಾನೆ, ಅಷ್ಟೆ. 'ಫಿಕ್ಸ್-ಬ್ರೋಕನ್' ಎಂಬ ಆದೇಶ ಕೊಟ್ಟೆವು. ಒಂದೋ ಉಳಿದವರನ್ನು ಕರೆಯುತ್ತದೆ, ಆಗದಿದ್ದರೆ ಒಂಟಿಯನ್ನು ಮನೆಗೆ ಕಳಿಸುತ್ತೇನೆ ಎಂದು ಹೇಳಿ ಒಪ್ಪಿಗೆ ಕೇಳುತ್ತದೆ. ಇಲ್ಲಿ ಎರಡನೆಯದಾಯಿತು. ಯಾವುದನ್ನು ತೆಗೆಯುತ್ತೇನೆ ಎಂಬ ಪಟ್ಟಿ ಓದದೆ ವೈ ಒತ್ತಬೇಡ ಎಂದು ಎರಡು ಸಲ ಹೇಳಿದೆ. ಪಟ್ಟಿಯಲ್ಲಿ ಒಂದೇ ಹೆಸರಿತ್ತು, ಒತ್ತಿದ.

ಎಲ್ಲ ಸಲವೂ ದೋಷ ತಂತ್ರಾಂಶದ್ದೇ ಇರುವುದಿಲ್ಲ. ಸವದತ್ತಿ ಕಡೆಯ ಒಂದು ಮನೆಯಲ್ಲಿ ಅಪ್‌ಡೇಟ್ ಕೊಟ್ಟರೆ, ಪ್ಯಾಕೇಜುಗಳ ಈ ಪಟ್ಟಿ ಇನ್ನೂ ಜಾರಿಗೆ ಬಂದಿಲ್ಲ ಎನ್ನುತ್ತಿತ್ತು. ಪರದೆಯ ಮೇಲಿನ ಗಡಿಯಾರ ನೋಡಿದೆ. ವರ್ಷಗಳ ಹಿಂದೆ ನಿಂತಿತ್ತು! ಸಮಯವನ್ನು ಇಂಟರ್‌ನೆಟ್ಟಿನಿಂದ ಸರಿಮಾಡಿಕೊಳ್ಳುವುದನ್ನು ಯಾರೋ ಆಫ್ ಮಾಡಿದ್ದರು, ಒಳಗಿನ ಬ್ಯಾಟರಿ ಸತ್ತಿತ್ತು. ಆ ಯಂತ್ರದ ಲೆಕ್ಕದಲ್ಲಿ ಇವತ್ತಿನ ಪಟ್ಟಿ ಮುಂದೆಂದೋ ಬರಬೇಕಾದದ್ದು, ಅದಕ್ಕೇ ನಂಬಲಿಲ್ಲ. ಕೈಗಡಿಯಾರದ ಅಂಗಡಿಯಲ್ಲಿ ಸಿಆರ್ 2032 ಎಂದು ಕೇಳಿದರೆ ಕೊಡುತ್ತಾರೆ. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಆ ಸಂಖ್ಯೆಯ ಅರ್ಥವೇ ಅದು. ನಾಣ್ಯದಂಥ ಆ 3 ವೋಲ್ಟಿನ ಬಿಲ್ಲೆ ಹಾಕಿ, ತಾರೀಖು ತಿದ್ದಿದ ಮೇಲೆ ಎಲ್ಲ ಸರಾಗ.

ಇನ್ನೊಂದು ಕಡೆ ಉಬುಂಟು 21.10 ಇತ್ತು. 2021ರ ಅಕ್ಟೋಬರಿನಲ್ಲಿ ಬಂದು 2022ರ ಜುಲೈಗೆ ಆಯುಷ್ಯ ಮುಗಿಸಿದ ಆವೃತ್ತಿ. ಅದರ ಪ್ಯಾಕೇಜುಗಳನ್ನು ಹಳೆಯವುಗಳ ಉಗ್ರಾಣಕ್ಕೆ ಸಾಗಿಸಿಯಾಗಿತ್ತು, ಯಂತ್ರ ಮಾತ್ರ ಹಳೆಯ ವಿಳಾಸಕ್ಕೇ ಹೋಗಿ 404 ಎಂದು ಬರಿಗೈಯಲ್ಲಿ ಮರಳುತ್ತಿತ್ತು. ಹಳ್ಳಿಗೆ ಹಾಕಿಕೊಡುವವರು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಆವೃತ್ತಿಯನ್ನೇ ಹಾಕಬೇಕು. ಅದಕ್ಕೆ ಐದು ವರ್ಷದ ಆಸರೆ ಇದೆ. ಒಂಬತ್ತು ತಿಂಗಳಿನದನ್ನು ಹಾಕಿ ಕೈತೊಳೆದುಕೊಳ್ಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ಬೀಗದ ಮಾತೂ ಹೇಳಬೇಕು. ಹಿನ್ನೆಲೆಯಲ್ಲಿ ಒಂದು ಅಪ್‌ಡೇಟ್ ನಡೆದಿರುವಾಗ ಇನ್ನೊಂದನ್ನು ಶುರುಮಾಡಿದರೆ, ಬೀಗ ಸಿಗಲಿಲ್ಲ ಎನ್ನುತ್ತದೆ. ಆ ಬೀಗದ ಕಡತವನ್ನೇ ಅಳಿಸಿಬಿಡಿ ಎಂದು ಸಲಹೆ ಕೊಡುವವರು ಬಹಳ. ದಯವಿಟ್ಟು ಮಾಡಬೇಡಿ. ಒಂದೇ ಲೆಕ್ಕದ ಪುಸ್ತಕದಲ್ಲಿ ಇಬ್ಬರು ಒಟ್ಟಿಗೆ ಬರೆಯದಿರಲಿ ಎಂದೇ ಆ ಬೀಗ. ಒಂದು ಕಪ್ ಚಹಾ ಕುಡಿದು ಬನ್ನಿ, ಸಾಮಾನ್ಯವಾಗಿ ತಾನೇ ತೆರೆದಿರುತ್ತದೆ.

ಇದೆಲ್ಲದರ ಬೇರು 1993ರ ಆಗಸ್ಟಿನಲ್ಲಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್, ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿ ಡೆಬಿಯನ್ ಎಂದು ಹೆಸರಿಟ್ಟು ಕೆಲಸ ಶುರುಮಾಡಿದ. ಡಿಪಿಕೆಜಿ ಅಲ್ಲಿಯದು. ಅದರ ಮೇಲೆ ಕಟ್ಟಿದ ಉಬುಂಟು 2004ರ ಅಕ್ಟೋಬರಿನಲ್ಲಿ ಬಂತು. 2011ರವರೆಗೂ ಉಬುಂಟುವಿನ ಸಿಡಿಯನ್ನು ಕೇಳಿದವರಿಗೆಲ್ಲ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು. ನನಗೂ ಒಂದು ಬಂದಿತ್ತು, ಅಂಚೆಯಣ್ಣ ಎರಡು ಸಲ ಹೆಸರು ಕೇಳಿ ಖಾತ್ರಿ ಮಾಡಿಕೊಂಡು ಕೊಟ್ಟ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಇದೇ ಲಿನಕ್ಸಿನ ಮೇಲೆ. ಕೇರಳ 2001ರಲ್ಲಿ ಶುರುಮಾಡಿದ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂದಾಗಿ, ಶಾಲೆಗಳಿಗೆ ತನ್ನದೇ ಲಿನಕ್ಸ್ ಕೊಡುತ್ತಿದೆ. ಮಲಪ್ರಭೆಯ ದಂಡೆಯ ನಮ್ಮ ಮಕ್ಕಳಿಗೂ ಅದು ಸಿಗಲಿ ಎಂದು ಆಸೆಪಡುವುದರಲ್ಲಿ ತಪ್ಪೇನು?

ಆ ರಾತ್ರಿ ದೊಡವಾಡದ ಹುಡುಗ ನಿಜವಾಗಿ ಹಾಕಲು ಹೊರಟಿದ್ದು ಕನ್ನಡದ ಅಕ್ಷರಗಳನ್ನು. ದಾರಿ ತೆರೆದಿದ್ದರಿಂದ ಎರಡು ಪ್ಯಾಕೇಜು ಇಳಿಸಿದೆವು, ಅರವಿಂದ ವಿ.ಕೆ. ಮಾಡಿದ ಗುಬ್ಬಿ ಮತ್ತು ನವಿಲು. ಜೊತೆಗೆ ಕೆ.ಪಿ. ರಾವ್ ಅವರ ವಿನ್ಯಾಸದ, ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ. ನವಿಲು ಕೈಬರಹದಂಥ ಅಕ್ಷರ. ಅದರಲ್ಲಿ ಊರಿನ ಹೆಸರನ್ನು ದೊಡ್ಡದಾಗಿ ಒತ್ತಿ, ಪರದೆಯ ಫೋಟೊ ತೆಗೆದು ಕಳಿಸಿದ. ಕೆಳಗೆ ಇನ್ನೊಂದು ಪ್ರಶ್ನೆ: "ಅಕ್ಷರ ಕನ್ನಡದಾಗ ಬಂದ್ವು. ಬೈಗಳ ಯಾವಾಗ ಕನ್ನಡದಾಗ ಬರ್ತಾವ್ರಿ?"

ಬೈಗುಳ ಎಂದರೆ ಆ ದೋಷಸಂದೇಶಗಳು. ಅವನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಟರ್ಮಿನಲ್‌ನ ಚೌಕದಲ್ಲಿ ನಮ್ಮ ಒತ್ತಕ್ಷರ ಇನ್ನೂ ನೆಟ್ಟಗೆ ಕೂರುವುದಿಲ್ಲ, ಆ ಕೆಲಸ ದೊಡ್ಡದು. ಸದ್ಯಕ್ಕೆ ಮತ್ತೆ ಮತ್ತೆ ಬರುವ ಹನ್ನೆರಡು ಸಂದೇಶಗಳನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವನ ಮೇಜಿನ ಮೇಲಿನ ಗೋಡೆಗೆ ಅಂಟಿಸಲು. ಹನ್ನೊಂದು ಆದವು. ಹನ್ನೆರಡನೆಯದು 'ಹೆಲ್ಡ್ ಪ್ಯಾಕೇಜಸ್'. ಇದನ್ನು ಮುಂದಕ್ಕೆ ಬಿಡಬೇಡ ಎಂದು ನಾವೇ ಹೇಳಿ, ಅದೇ ಆವೃತ್ತಿಯಲ್ಲಿ ನಿಲ್ಲಿಸಿಟ್ಟ ಪ್ಯಾಕೇಜುಗಳು. ತಡೆಹಿಡಿದ ಎಂದು ಬರೆದೆ, ಹೊಡೆದುಹಾಕಿದೆ. ಸ್ಥಗಿತ ಎಂದು ಬರೆದೆ, ಅದು ಆಫೀಸಿನ ನೋಟೀಸಿನಂತೆ ಕಂಡಿತು. ನಿನ್ನೆ ಅವನಿಗೇ ಫೋನು ಮಾಡಿ ಅರ್ಥ ಬಿಡಿಸಿ ಹೇಳಿದೆ. ಅರೆಕ್ಷಣವೂ ತಡಮಾಡಲಿಲ್ಲ.

"ಅದರಾಗೇನ್ರಿ ಸರ್, ಗ್ವಾದ್ಲಿಗೆ ಕಟ್ಟಿದ್ದು ಅಂತ ಬರೀರಿ."

ಅದನ್ನೇ ಬರೆದೆ.