ಸೇರು ಯಾರ ಕೈಯಲ್ಲಿ?

ನಮ್ಮವ್ವ ಕೂಲಿಗೆ ಹೋಗುತ್ತಿದ್ದ ಮನೆಯಲ್ಲಿ ಎರಡು ಸೇರುಗಳಿದ್ದವು. ನೋಡುವುದಕ್ಕೆ ಎರಡೂ ಒಂದೇ. ಕೊಟ್ಟ ಬತ್ತವನ್ನು ವಾಪಸು ಅಳೆದುಕೊಳ್ಳುವಾಗ ಒಂದು ಹೊರಗೆ ಬರುತ್ತಿತ್ತು, ಆಳುಗಳಿಗೆ ಕೂಲಿ ಅಳೆಯುವಾಗ ಇನ್ನೊಂದು. ಮೊದಲನೆಯದು ತುಂಬಿ ಗೋಪುರವಾಗಬೇಕು. ಎರಡನೆಯದನ್ನು ಯಜಮಾನರು ಅಂಗೈಯಿಂದ ಸವರಿ ಮಟ್ಟ ಮಾಡುತ್ತಿದ್ದರು. ಅವ್ವ ಮಡಿಲೊಡ್ಡಿಕೊಂಡು ಆ ಅಂಗೈಯನ್ನೇ ನೋಡುತ್ತ ನಿಂತಿರುತ್ತಿದ್ದಳು.

ಆ ಯಜಮಾನರು ದುಷ್ಟರಲ್ಲ, ದೈವಭಕ್ತರು. ಕಣದಲ್ಲಿ ರಾಶಿ ಪೂಜೆಯಾಗದೆ ಒಂದು ಕಾಳು ಮುಟ್ಟಿದವರಲ್ಲ. ಅಳೆಯಲು ಕೂತರೆ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವರು, ಆಮೇಲೆ ಎರಡು, ಮೂರು. ಯಾರ ಲಾಭ ಎಂದು ಕೇಳಿ ನಾನು ಅವ್ವನಿಂದ ತಲೆಗೆ ಮೊಟಕಿಸಿಕೊಂಡಿದ್ದೇನೆ.

ಈಗ ನನಗೆ 68. ಹಳ್ಳಿ ಶಾಲೆಗಳಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಮಂಡ್ಯ ಜಿಲ್ಲೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ಬಯಲಿಗೆ ಸೇರಿದ ಎರಡು ಎಕರೆ ಗದ್ದೆ ಇದೆ. ಅಂದರೆ ಸೇರು ನನ್ನ ಕೈಗೆ ಬಂದಿದೆ.

ಕೆಲವು ವರ್ಷಗಳ ಹಿಂದೆ ಕೃಷಿ ಕಾರ್ಮಿಕರ ಕನಿಷ್ಠ ವೇತನ ಏರಿಸುವ ಕರಡು ಅಧಿಸೂಚನೆ ಬಂದಿತ್ತು. ಆ ವರ್ಷ ಬತ್ತದ ಬೆಲೆ ನೆಲ ಕಚ್ಚಿತ್ತು. ಊರಿನ ನಾಲ್ಕಾರು ರೈತರು ಸಂಜೆ ನಮ್ಮ ಜಗಲಿಗೆ ಬಂದರು. ‘ಮೇಷ್ಟ್ರೇ, ನಿಮ್ಮ ಕೈಬರಹ ಚೆನ್ನಾಗದೆ, ಒಂದು ಆಕ್ಷೇಪಣೆ ಬರ್ಕೊಡಿ’ ಅಂದರು. ಬರೆದುಕೊಟ್ಟೆ. ಗೊಬ್ಬರದ ಬೆಲೆ, ಟ್ರ್ಯಾಕ್ಟರ್ ಬಾಡಿಗೆ, ಮಿಲ್ಲಿನವರು ಮುರಿದುಕೊಳ್ಳುವ ತೂಕ, ಎಲ್ಲವನ್ನೂ ಅಂಕಿಗಳಲ್ಲಿ ಇಟ್ಟೆ. ಒಂದೂ ಸುಳ್ಳಲ್ಲ. ಕೊನೆಗೆ ‘ಆದ್ದರಿಂದ ಈ ಏರಿಕೆಯನ್ನು ಕೈಬಿಡಬೇಕು’ ಎಂದು ಬರೆದು ಮೊದಲ ಸಹಿಯನ್ನೂ ನಾನೇ ಹಾಕಿದೆ.

ಹದಿನೈದು ದಿನ ಕಳೆದು ನನ್ನ ಗದ್ದೆಯಲ್ಲಿ ನಾಟಿ. ಊಟದ ಹೊತ್ತಿನಲ್ಲಿ ಬದುವಿನ ಮೇಲೆ ಕೂತು ಕಾಲಿನ ಕೆಸರು ಒರೆಸಿಕೊಳ್ಳುತ್ತ, ಗುಂಪಿನ ಹಿರಿಯಳು ಕೇಳಿದಳು: ‘ಬೆಂಗ್ಳೂರ್‌ಗೆ ಕಾಗ್ದ ಬರುದ್ರಂತಲ್ಲ ಮೇಷ್ಟ್ರೇ?’

‘ಹೂಂ ಕಣವ್ವ.’

‘ಅಲ್ಲಿ ಯಾರ್‌ ಯಾರು ಕೂತಿರ್ತಾರೆ?’

‘ಜಮೀನಿನವರ ಕಡೆಯವರು, ಕೂಲಿಯವರ ಕಡೆಯವರು, ಮಧ್ಯಸ್ಥರು.’

‘ಕೂಲಿಯೋರ ಕಡೆಯಿಂದ ಯಾರು?’

ನನಗೆ ಗೊತ್ತಿರಲಿಲ್ಲ. ‘ಸಂಘದವರು’ ಅಂದೆ. ಅವಳು ತನ್ನ ಪಕ್ಕ ಕೂತಿದ್ದ ಹನ್ನೊಂದು ಹೆಂಗಸರನ್ನು ಒಮ್ಮೆ ನೋಡಿದಳು. ಯಾವ ಸಂಘ ಎಂದು ಕೇಳಲಿಲ್ಲ. ಮಾತು ಮುದ್ದೆಯ ಕಡೆಗೆ ತಿರುಗಿತು.

ಆ ಪ್ರಶ್ನೆ ಹಿಡಿದುಕೊಂಡು ನಾನು ಕಾಯಿದೆ ಓದಲು ಕೂತೆ. ಆಗ ನಡೆಯುತ್ತಿದ್ದುದು 1948ರ ಕನಿಷ್ಠ ವೇತನ ಕಾಯಿದೆ. ದರ ಗೊತ್ತುಮಾಡಲು ಅದರಲ್ಲಿ ಸರ್ಕಾರಕ್ಕೆ ಎರಡು ದಾರಿ. ಸಮಿತಿ ಮಾಡಿ ವಿಚಾರಣೆ ನಡೆಸುವುದು ಒಂದು. ಕರಡು ದರ ಪ್ರಕಟಿಸಿ, ಕನಿಷ್ಠ ಎರಡು ತಿಂಗಳು ಬಿಟ್ಟು, ಬಂದ ಅಹವಾಲುಗಳನ್ನು ನೋಡಿ, ಸಲಹಾ ಮಂಡಳಿಯನ್ನು ಕೇಳಿ ದರ ಏರಿಸುವುದು ಇನ್ನೊಂದು. ಮಂಡಳಿಯಲ್ಲಿ ಕೆಲಸ ಕೊಡುವವರು, ಮಾಡುವವರು ಸಮಾನ ಸಂಖ್ಯೆಯಲ್ಲಿರಬೇಕು. ಸ್ವತಂತ್ರ ಸದಸ್ಯರು ಒಟ್ಟಿನ ಮೂರನೇ ಒಂದು ಭಾಗ ಮೀರಬಾರದು, ಅಧ್ಯಕ್ಷರು ಮಾತ್ರ ಅವರಲ್ಲೊಬ್ಬರೇ ಆಗಬೇಕು. ಐದು ವರ್ಷದೊಳಗೆ ದರವನ್ನು ಮತ್ತೆ ನೋಡಬೇಕು. ಮಂಡಳಿ ಹೇಳಿದ್ದು ಸಲಹೆ ಮಾತ್ರ, ತೀರ್ಮಾನ ಸರ್ಕಾರದ್ದು.

ಲೆಕ್ಕದ ಮೇಷ್ಟ್ರಿಗೆ ಇದರಲ್ಲಿ ಒಂದು ವಿಚಿತ್ರ ಕಾಣಿಸಿತು. ಸರಿಯಾದ ಉತ್ತರ ಇರುವ ಲೆಕ್ಕಕ್ಕೆ ಯಾರೂ ಸಮಿತಿ ಮಾಡುವುದಿಲ್ಲ. ಸಮಿತಿ ಬೇಕಾಯಿತು ಎಂದರೆ ಒಂದು ದಿನದ ದುಡಿಮೆಯ ಬೆಲೆ ಎಲ್ಲೂ ಬರೆದಿಟ್ಟಿಲ್ಲ ಎಂದಾಯಿತು. ಹಾಗಾದರೆ ‘ನ್ಯಾಯವಾದ ಕೂಲಿ’ ಎನ್ನುವಾಗ ಆ ನ್ಯಾಯ ಎಲ್ಲಿಂದ ಬರುತ್ತದೆ?

ಧರ್ಮಗ್ರಂಥಗಳಲ್ಲಿ ಹುಡುಕಿದೆ. ಕೂಲಿಯವನ ಬೆವರು ಆರುವ ಮುಂಚೆ ಕೂಲಿ ಕೊಡಿ ಎಂದು ಪೈಗಂಬರರು ಹೇಳಿದ್ದಾಗಿ ಹದೀಸಿನಲ್ಲಿದೆ. ಸೂರ್ಯ ಮುಳುಗುವುದರೊಳಗೆ ಕೊಡು, ಅವನು ಬಡವ, ಅದಕ್ಕೇ ಕಾದಿರುತ್ತಾನೆ ಎನ್ನುತ್ತದೆ ಬೈಬಲ್ಲಿನ ಧರ್ಮೋಪದೇಶಕಾಂಡ. ಯಾವಾಗ ಕೊಡಬೇಕೆಂದು ಇಬ್ಬರೂ ಖಂಡಿತವಾಗಿ ಹೇಳಿದರು, ಎಷ್ಟು ಎನ್ನುವುದು ಅಲ್ಲಿಲ್ಲ. ಎಷ್ಟು ಎಂದು ಹೇಳಿದವನು ಕೌಟಿಲ್ಯ. ಮೊದಲೇ ಮಾತಾಗಿರದಿದ್ದರೆ ಬೇಸಾಯದ ಆಳಿಗೆ ಬೆಳೆಯಲ್ಲಿ ಹತ್ತನೇ ಒಂದು ಪಾಲು ಎಂದು ಅರ್ಥಶಾಸ್ತ್ರದಲ್ಲಿದೆ. ಲೆಕ್ಕ ಸಲೀಸು. ಮಳೆ ಕೈಕೊಟ್ಟ ವರ್ಷ ಬೆಳೆ ಸೊನ್ನೆಯಾದರೆ ಹತ್ತನೇ ಒಂದೂ ಸೊನ್ನೆ. ಹೊಟ್ಟೆ ಮಾತ್ರ ಸೊನ್ನೆಯಾಗುವುದಿಲ್ಲ.

ಯೇಸು ಹೇಳಿದ ದ್ರಾಕ್ಷಿತೋಟದ ಕತೆ ಇದಕ್ಕೆ ತದ್ವಿರುದ್ಧ. ತೋಟದ ಒಡೆಯ ಬೆಳಿಗ್ಗೆ ಬಂದವರಿಗೂ ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಂದವರಿಗೂ ಒಂದೇ ನಾಣ್ಯ ಕೊಟ್ಟ. ಬೆಳಗಿನಿಂದ ಬೆಂದವರು ಗೊಣಗಿದರು. ನಾನಾಗಿದ್ದರೂ ಗೊಣಗುತ್ತಿದ್ದೆ. ಆದರೆ ಸಂಜೆ ಬಂದವನ ಮನೆಯಲ್ಲೂ ಒಂದು ದಿನದ ಹಸಿವೇ ಇದ್ದದ್ದು, ಗಂಟೆಯ ಹಸಿವಲ್ಲ. ರಸ್ಕಿನ್ನನ ‘ಅನ್ ಟು ದಿಸ್ ಲಾಸ್ಟ್’ ಪುಸ್ತಕದ ಹೆಸರು ಹುಟ್ಟಿದ್ದು ಈ ಕತೆಯಿಂದ. ಗಾಂಧೀಜಿ ಅದನ್ನು 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದರು, ಮುಂದೆ ‘ಸರ್ವೋದಯ’ ಎಂದು ಗುಜರಾತಿಗೆ ತಂದರು. ಮೂವತ್ತು ವರ್ಷ ಕಳೆದ ಮೇಲೆ, 1935ರಲ್ಲಿ, ಅದೇ ಪ್ರಶ್ನೆ ಅವರ ಮನೆಬಾಗಿಲಿಗೇ ಬಂತು. ಖಾದಿಗೆ ನೂಲು ತೆಗೆಯುವ ಹೆಂಗಸರಿಗೆ ಬದುಕಲು ಆಗುವಷ್ಟು ಕೂಲಿ ಕೊಡಲೇಬೇಕು ಎಂದು ಅವರು ಚರಕಾ ಸಂಘದಲ್ಲಿ ಹಟ ಹಿಡಿದರು. ಖಾದಿ ದುಬಾರಿಯಾಗುತ್ತದೆ, ಕೊಳ್ಳುವವರಿರುವುದಿಲ್ಲ ಎಂದು ಅವರ ಜೊತೆಯವರೇ ಹೆದರಿದರು. ನನ್ನ ಆಕ್ಷೇಪಣೆ ಪತ್ರದಲ್ಲಿದ್ದದ್ದೂ ಬೇರೆ ಏನಲ್ಲ.

ಬೆಳೆಯಿಂದ ಶುರುಮಾಡಿದರೆ ಕೌಟಿಲ್ಯ, ಹೊಟ್ಟೆಯಿಂದ ಶುರುಮಾಡಿದರೆ ದ್ರಾಕ್ಷಿತೋಟ. ನಮ್ಮ ದೇಶ 1957ರಲ್ಲಿ ದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಹೊಟ್ಟೆಯ ಕಡೆ ನಿಂತಿತು. ದುಡಿಯುವವನೊಬ್ಬ, ಅವನ ಸಂಸಾರ ಮೂರು ಬಳಕೆ ಘಟಕ. ಘಟಕಕ್ಕೆ ದಿನಕ್ಕೆ 2700 ಕ್ಯಾಲೊರಿ, ಇದು ಕೂನೂರಿನ ಪೌಷ್ಟಿಕಾಂಶ ಪ್ರಯೋಗಾಲಯದಲ್ಲಿದ್ದ ಆಕ್ರಾಯ್ಡ್ ಹಾಕಿಕೊಟ್ಟ ಲೆಕ್ಕ. ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಮನೆ ಬಾಡಿಗೆ. ಸೌದೆ, ದೀಪ ಮೊದಲಾದವಕ್ಕೆ ಶೇ. 20. ಮುಂದೆ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮದುವೆ, ಮುಪ್ಪು ಇವುಗಳಿಗೆಂದು ಇನ್ನೂ ಶೇ. 25 ಸೇರಿಸಿತು. ನನ್ನ ಮಟ್ಟಿಗೆ ಇದು ಸಣ್ಣ ಸಾಧನೆಯಲ್ಲ. ಮನುಷ್ಯನ ಘನತೆ ಎಂಬ ಗಾಳಿಮಾತನ್ನು ಗಜ, ಕ್ಯಾಲೊರಿಗೆ ಇಳಿಸಿದ್ದಾರೆ. ಹಾಗೆ ಇಳಿಸದಿದ್ದರೆ ಸಮಿತಿಯ ಮೇಜಿನ ಮೇಲೆ ಜಗಳವಾಡಲು ಏನೂ ಇರುತ್ತಿರಲಿಲ್ಲ.

ಆ ಮೂರು ಘಟಕಗಳನ್ನು ಬಿಡಿಸಿ ನೋಡಿದಾಗ ಮಾತ್ರ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಕೂಡಿದರೆ ಮೂರು ಸರಿಯಾಗಿ ಬರುತ್ತದೆ. ಹೆಂಡತಿ, ಮಕ್ಕಳು ದುಡಿದದ್ದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದೂ ಹೇಳಿದ್ದಾರೆ. ಒಬ್ಬನ ದುಡಿಮೆಯಲ್ಲೇ ಸಂಸಾರ ನಡೆಯಲಿ ಎನ್ನುವ ಒಳ್ಳೆಯ ಉದ್ದೇಶ. ಆದರೆ ನಮ್ಮ ಬಯಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಮೊಣಕಾಲು ಕೆಸರಿನಲ್ಲಿ ಬಗ್ಗಿರುವವಳು ಆ 0.8. ನಮ್ಮವ್ವನೂ ಅಷ್ಟೇ. ಪುಣ್ಯಕ್ಕೆ ಅವಳಿಗೆ ದಶಮಾಂಶ ಬರುತ್ತಿರಲಿಲ್ಲ.

ಇನ್ನೊಂದು ಮಾತು ‘ಅಕುಶಲ’. ದರದ ಪಟ್ಟಿಗಳಲ್ಲಿ ಕುಶಲ, ಅರೆಕುಶಲ, ಅಕುಶಲ ಎಂದು ಭಾಗ ಮಾಡುತ್ತಾರೆ. ನಾಟಿ, ಕಳೆ, ಕೊಯ್ಲಿನ ಹೆಂಗಸರಿಗೆ ಸಾಮಾನ್ಯವಾಗಿ ಸಿಕ್ಕುವುದು ಕೊನೆಯದು. ಆಕ್ಷೇಪಣೆ ಬರೆದ ವರ್ಷವೇ ಒಂದು ದಿನ ಪಂಚೆ ಎತ್ತಿ ಕಟ್ಟಿ ನಾನೂ ಗದ್ದೆಗಿಳಿದೆ. ಎಡಗೈಯಲ್ಲಿ ಪೈರಿನ ಕಟ್ಟು, ಬಲಗೈಯ ಬೆರಳಿನಲ್ಲಿ ಎರಡು ಮೂರು ಪೈರು ಬಿಡಿಸಿಕೊಂಡು ಕೆಸರಿಗೆ ಊರಬೇಕು. ಆಳಕ್ಕೆ ಹೋದರೆ ತೆಂಡೆ ಒಡೆಯುವುದಿಲ್ಲ, ಮೇಲೇ ನಿಂತರೆ ನೀರಿಗೆ ತೇಲುತ್ತದೆ. ಹಿಂದಕ್ಕೆ ಹೆಜ್ಜೆ ಇಡುತ್ತ ಸಾಲು ಹಿಡಿಯಬೇಕು. ಅರ್ಧ ಗಂಟೆಗೆ ನನ್ನ ಸೊಂಟ ಹಿಡಿಯಿತು. ಮಾರನೆಯ ದಿನ ನಾನು ಊರಿದ್ದರಲ್ಲಿ ಕಾಲುಭಾಗ ನೀರಿನ ಮೇಲಿತ್ತು. ಇದು ಅಕುಶಲವಾದರೆ ತ್ರಿಕೋನಮಿತಿಯೂ ಅಕುಶಲವೇ.

ನನ್ನ ತಂಗಿಯ ಮಗ ಬ್ರಿಟನ್ನಿನ ವೇಲ್ಸ್‌ನಲ್ಲಿದ್ದಾನೆ. ನಾನು ಈ ವಿಷಯ ಓದುತ್ತಿರುವುದು ಕೇಳಿ ಅಲ್ಲಿಯ ಸಂಗತಿ ಹೇಳಿದ. ನಮ್ಮ ಕಾಯಿದೆ ಬಂದ 1948ರಲ್ಲೇ ಅಲ್ಲೂ ಕೃಷಿ ಕೂಲಿಯ ಕಾಯಿದೆ ಬಂತು. 2013ರಲ್ಲಿ ಲಂಡನ್ನಿನ ಸರ್ಕಾರ ಕೂಲಿ ಮಂಡಳಿಯನ್ನು ಮುಚ್ಚಿತು. ವೇಲ್ಸ್‌ನವರು ಒಪ್ಪದೆ ತಮ್ಮದೇ ಕಾನೂನು ಮಾಡಿದರು, ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 2014ರಲ್ಲಿ ಗೆದ್ದರು. ಈಗ ಅಲ್ಲಿ ರೈತ ಸಂಘಗಳು, ಕಾರ್ಮಿಕ ಸಂಘ, ಸ್ವತಂತ್ರರು ಕೂತು ಸಲಹೆ ಕೊಡುವ ಸಮಿತಿ ಇದೆ. ಕೂಲಿಯ ಆದೇಶದಲ್ಲಿ ಆಳಿನ ಕಸುಬಿಗೆ ತಕ್ಕ ದರ್ಜೆಗಳಿವೆ. ಕೆಲಸಕ್ಕೆಂದು ನಾಯಿ ಸಾಕಿಕೊಂಡವನಿಗೆ ನಾಯಿ ಒಂದಕ್ಕೆ ವಾರಕ್ಕೆ ಇಷ್ಟು ಎಂದು ಭತ್ಯೆ ಕೂಡ! ನಕ್ಕುಬಿಟ್ಟೆ. ಆಮೇಲೆ ಯೋಚಿಸಿದೆ. ಆ ನಾಯಿಯ ಮಾತು ಆದೇಶಕ್ಕೆ ಬರಬೇಕಾದರೆ, ನಾಯಿಗೂ ಹೊಟ್ಟೆಯಿದೆ ಎಂದು ಬಲ್ಲವನೊಬ್ಬ ಮೇಜಿನ ಹತ್ತಿರ ಕೂತಿರಲೇಬೇಕು. ಸಮಿತಿಯಿಂದ ನನಗೆ ಬೇಕಾಗಿರುವುದು ಇಷ್ಟೇ. ಸತ್ಯ ಅದರೊಳಗೆ ಇಳಿದು ಬರುತ್ತದೆ ಎಂದು ನಾನು ನಂಬಿಲ್ಲ. ಅಳೆಯುವವನೇ ಸವರಬಾರದು. ಸವರುವ ಅಂಗೈಯನ್ನು ಇನ್ನೊಬ್ಬರು ಹಿಡಿದುಕೊಳ್ಳುವ ಏರ್ಪಾಟು ಅದು.

‘ಅವಳು ಒಪ್ಪಿಕೊಂಡೇ ಬಂದಳಲ್ಲ, ನಾವೇನು ಎಳೆದು ತಂದೆವಾ?’ ಎಂದು ನಮ್ಮ ಜಗಲಿಯಲ್ಲಿ ಕೇಳುವವರಿದ್ದಾರೆ. ಹಳೆಯ ಯಜಮಾನರೂ ಇದನ್ನೇ ಹೇಳುತ್ತಿದ್ದರು. ಇದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಉತ್ತರ ಯಾವ ಶಾಸ್ತ್ರದಲ್ಲೂ ಇರಲಿಲ್ಲ, 1982ರ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾರ್ಮಿಕರ ಪ್ರಕರಣದ ಸುಪ್ರೀಂ ಕೋರ್ಟು ತೀರ್ಪಿನಲ್ಲಿತ್ತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಯಾರಾದರೂ ದುಡಿಯಲು ಬಂದರೆ, ಅವರನ್ನು ಹಸಿವೇ ಎಳೆದು ತಂದಿದೆ ಎಂದು ತಿಳಿಯಬೇಕು, ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ನ್ಯಾಯಮೂರ್ತಿ ಭಗವತಿ ಬರೆದರು. ಹಗ್ಗ ಕಣ್ಣಿಗೆ ಕಾಣದಿದ್ದರೂ ಜೀತ ಜೀತವೇ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ನಾಟಿಯ ಹಂಗಾಮಿನಲ್ಲಿ ಆಳು ಸಿಕ್ಕದೆ ನಾವು ಕೇಳಿದಷ್ಟು ಕೊಡುತ್ತೇವೆ, ಅದು ನಿಜ. ಆದರೆ ಕೆಲಸವಿಲ್ಲದ ಬೇಸಿಗೆಯಲ್ಲಿ ಕಬ್ಬಿನ ತರಗು ಆರಿಸಲು ಬಂದವಳಿಗೆ ನಾನು ಕೊಟ್ಟದ್ದೆಷ್ಟು, ಅದೇ ಕೆಲಸಕ್ಕೆ ಗಂಡಾಳಿಗೆ ಕೊಟ್ಟದ್ದೆಷ್ಟು ಎಂದು ಹಳೆಯ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮೇಷ್ಟ್ರ ಚಾಳಿ.

ನಮ್ಮೂರಿನಲ್ಲಿ ಶರಣರ ಕತೆ ಹೇಳುವವರು ಆಯ್ದಕ್ಕಿ ಲಕ್ಕಮ್ಮನನ್ನು ತಪ್ಪದೆ ನೆನೆಯುತ್ತಾರೆ. ಕಲ್ಯಾಣದಲ್ಲಿ ಗಂಡ ಮಾರಯ್ಯನದು ಅಂಗಳದಲ್ಲಿ ಉದುರಿದ ಅಕ್ಕಿ ಆಯ್ದು ತರುವ ಕಾಯಕ. ಒಂದು ದಿನ ಹೆಚ್ಚು ತಂದ. ನಮಗೆ ಇಷ್ಟು ಬೇಡ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಅವಳು ವಾಪಸು ಕಳಿಸಿದಳು. ಕತೆ ಮುಗಿಸಿ, ಕೂಲಿ ಹೆಚ್ಚು ಕೇಳುವವರ ಕಡೆ ನೋಡಿ, ‘ಕಂಡ್ರಾ, ಆಸೆ ಇರಬಾರದು’ ಎನ್ನುವುದನ್ನು ನಾನು ಕೇಳಿದ್ದೇನೆ. ಕತೆಯನ್ನು ಇದಕ್ಕಿಂತ ಕೆಡಿಸಲು ಆಗದು. ಲಕ್ಕಮ್ಮ ಮಿತಿ ಹಾಕಿದ್ದು ತನ್ನ ಮನೆಯ ಮಡಕೆಗೆ. ಎಷ್ಟು ಸಾಕು ಎಂದು ಹೇಳಿದ ಬಾಯಿ ದುಡಿಯುವವಳದ್ದು. ಅಂಗಳದ ಒಡೆಯ ಅದನ್ನು ಹೇಳಿದ್ದರೆ ಅದು ಕಾಯಕದ ಮಾತಾಗದೆ ಜಿಪುಣತನದ ಮಾತಾಗುತ್ತಿತ್ತು.

ಹಳೆಯ ಕಾಯಿದೆ ಹೋಗಿ, 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ರಾಜ್ಯದ ಸಲಹಾ ಮಂಡಳಿಯ ಸದಸ್ಯರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ಅದರಲ್ಲಿದೆ. ಇದನ್ನು ನಾಟಿಯ ಗುಂಪಿನ ಹಿರಿಯಳಿಗೆ ಹೇಳಿದೆ. ‘ಕಾಲಿಗೆ ಕೆಸರು ಮೆತ್ಕೊಂಡಿರೋ ಹೆಂಗುಸ್ರಾ?’ ಅಂದಳು. ಅಷ್ಟು ವಿವರ ಸಂಹಿತೆಯಲ್ಲಿಲ್ಲ.

ಕರಡಿಗೆ ಅಹವಾಲು ಬರೆಯುವ ಎರಡು ತಿಂಗಳ ಅವಕಾಶ ಹೊಸ ಕಾನೂನಿನಲ್ಲೂ ಉಳಿದಿದೆ, ಅದು ಕೂಲಿಯವರಿಗೂ ಇದೆ. ಮುಂದಿನ ಸಲ ಕರಡು ಬಂದಾಗ ನಿಮ್ಮ ಕಾಗದವನ್ನೂ ನಾನೇ ಬರೆದುಕೊಡುತ್ತೇನೆ, ಹನ್ನೆರಡು ಜನವೂ ಸಹಿ ಹಾಕಿ ಅಂದೆ. ‘ಆಗ್ಲಿ ಬುಡಿ ಮೇಷ್ಟ್ರೇ, ಬರ್ದ ಮ್ಯಾಲೆ ಒಂದ್ಸಲ ಓದಿ ಯೋಳಿ’ ಅಂದಳು. ಓದಿ ಹೇಳುವಾಗ ಶಾಲೆಗೆ ಹೋಗುವ ತನ್ನ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳಂತೆ.